ಅಯ್ಯಪ್ಪನ ಮಾಲೆ ಹಾಕಿಸಿ ಒಂದೇ ಸಲ ಕುಡಿತ ಬಿಡಿಸಬಹುದಾ?

ಸಂಘದ ಪ್ರತಿನಿಧಿ, ಮದ್ದೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಸ್ತ್ರೀಶಕ್ತಿ ಸಂಘಕ್ಕೆ ಬರುವವರ ಪರವಾಗಿ ಈ ಪ್ರಶ್ನೆ ಹಾಕುತ್ತಿದ್ದೇನೆ. ಉತ್ತರಗಳನ್ನು ಮುಂದಿನ ಸಭೆಯಲ್ಲಿ ಓದಿ ಹೇಳಬೇಕು, ಅದಕ್ಕೇ ದಯವಿಟ್ಟು ಬಿಡಿಸಿ ಬರೆಯಿರಿ.

ಒಬ್ಬರಿಗೆ 42 ವರ್ಷ. ಹನ್ನೆರಡು ವರ್ಷದಿಂದ ಕುಡಿತ. ಈಗ ದಿನಕ್ಕೆ ಎರಡು ಕ್ವಾರ್ಟರ್ ಆಗಲೇಬೇಕು, ಕಬ್ಬಿನ ಬಟವಾಡೆ ಆದ ದಿನ ಮೂರು. ಬೆಳಿಗ್ಗೆ ಎದ್ದರೆ ಕಾಫಿ ಲೋಟ ಹಿಡಿಯಲಾಗದಷ್ಟು ಕೈ ನಡುಗುತ್ತದೆ. ಒಂದು ನೈಂಟಿ ಟೆಟ್ರಾ ಪ್ಯಾಕ್ ಹಾಕಿದ ಮೇಲೆ ಸರಿಹೋಗುತ್ತಾರೆ, ಆಮೇಲೆಯೇ ಗದ್ದೆ ಕಡೆ ಹೊರಡುವುದು. ಎರಡು ಮುದ್ದೆ ಉಣ್ಣುತ್ತಿದ್ದವರು ಅರ್ಧ ಮುದ್ದೆಗೆ ಇಳಿದಿದ್ದಾರೆ. ಎರಡು ವರ್ಷದ ಹಿಂದೆ ಹಟ ಹಿಡಿದು ಬಿಟ್ಟಾಗ ಎರಡನೇ ದಿನ ಫಿಟ್ಸ್ ಬಂದಿತ್ತು.

ಈ ಕಾರ್ತಿಕದಲ್ಲಿ ಮಾಲೆ ಹಾಕಿಸಿಬಿಡೋಣ, ಸ್ವಾಮಿ ಮೇಲಿನ ಭಯಕ್ಕಾದರೂ ಮುಟ್ಟುವುದಿಲ್ಲ ಅನ್ನುವುದು ತಾಯಿಯ ಮಾತು. ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ ಕಂಡ ನಂಬರಿಗೆ ಫೋನ್ ಮಾಡಿ, ಗೊತ್ತಾಗದ ಹಾಗೆ ಸಾರಿಗೆ ಬೆರೆಸುವ ಪುಡಿ ತರಿಸೋಣ ಅನ್ನುವುದು ಭಾವಮೈದನ ಮಾತು. ಯಾವುದು ಸರಿ? ಇದು ಕಾಯಿಲೆಯೋ ಕೊಬ್ಬೋ ಅಂತಲೂ ಸಭೆಯಲ್ಲಿ ದೊಡ್ಡ ಚರ್ಚೆ ಆಯಿತು. ಬಿಟ್ಟವರು ಮೂರೇ ತಿಂಗಳಿಗೆ ಮತ್ತೆ ಯಾಕೆ ಹಿಡಿಯುತ್ತಾರೆ ಅನ್ನುವುದಕ್ಕಂತೂ ಯಾರ ಹತ್ತಿರವೂ ಉತ್ತರ ಇರಲಿಲ್ಲ.

---

ವಾರ್ಡ್ ನರ್ಸ್, ಮೈಸೂರು

ಅಕ್ಕ, ಬೇರೆಲ್ಲಕ್ಕಿಂತ ಮೊದಲು ಇದನ್ನು ಆ ಮನೆಗೆ ಇವತ್ತೇ ಮುಟ್ಟಿಸಿ: ಮಾಲೆಯೇ ಇರಲಿ, ದೇವರ ಮುಂದೆ ಆಣೆಯೇ ಇರಲಿ, ಇವರಿಗೆ ಮನೆಯಲ್ಲಿಟ್ಟುಕೊಂಡು ಒಂದೇ ಸಲ ನಿಲ್ಲಿಸಬೇಡಿ. ಬೆಳಗಿನ ನಡುಕ, ಕುಡಿದರೆ ನಡುಕ ನಿಲ್ಲುವುದು, ಹಿಂದೆ ಬಂದ ಫಿಟ್ಸ್, ಈ ಮೂರೂ ಒಟ್ಟಿಗೆ ಇವೆ. ಇಂಥವರಿಗೆ ಕುಡಿತ ಮುಂದುವರಿಸುವುದು ಎಷ್ಟು ಅಪಾಯವೋ ಔಷಧಿ ಇಲ್ಲದೆ ದಿಢೀರನೆ ನಿಲ್ಲಿಸುವುದೂ ಅಷ್ಟೇ ಅಪಾಯ. ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಿನದವರೆಗೆ ಬಾಟಲಿ ಕಿತ್ತುಕೊಳ್ಳಲು ಹೋಗಬೇಡಿ, ಮೂರು ಹೊತ್ತು ಹೊಟ್ಟೆಗೆ ಏನಾದರೂ ಬೀಳುವಂತೆ ನೋಡಿಕೊಳ್ಳಿ.

ಲೆಕ್ಕ ಹಾಕೋಣ. ಒಂದು ಕ್ವಾರ್ಟರ್ ಅಂದರೆ 180 ಮಿಲಿ. ವಿಸ್ಕಿ, ಬ್ರಾಂದಿ, ರಮ್ ಯಾವುದೇ ಆಗಲಿ ಲೇಬಲ್ ಮೇಲೆ ಸಾಮಾನ್ಯವಾಗಿ ಶೇಕಡಾ 42.8 ಅಂತ ಇರುತ್ತದೆ. ಅದರಲ್ಲಿರುವ ಅಪ್ಪಟ ಆಲ್ಕೋಹಾಲ್ ಸುಮಾರು 60 ಗ್ರಾಂ. ನೈಂಟಿಯಲ್ಲಿ 30 ಗ್ರಾಂ. ಬರೀ ಬಿಯರ್ ತಾನೇ ಅನ್ನುವವರಿಗೂ ಹೇಳಿ: ಶೇಕಡಾ 8ರ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯಲ್ಲಿ 40 ಗ್ರಾಂ ಇರುತ್ತದೆ, ಒಂದೂವರೆ ಬಾಟಲಿ ಕುಡಿದರೆ ಒಂದು ಕ್ವಾರ್ಟರ್ ಕುಡಿದಂತೆಯೇ. ನಮ್ಮ ಲಿವರ್ ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 7ರಿಂದ 10 ಗ್ರಾಂ. ದಿನಕ್ಕೆ 120 ಗ್ರಾಂ ಹೋದರೆ ಅದನ್ನು ಕರಗಿಸುವುದರಲ್ಲೇ ದಿನದ ಅರ್ಧಕ್ಕಿಂತ ಹೆಚ್ಚು ಕಳೆಯುತ್ತದೆ.

ಮಿದುಳಿನ ಒಳಗೆ ಯಾವಾಗಲೂ ಹಗ್ಗಜಗ್ಗಾಟ ನಡೆಯುತ್ತಿರುತ್ತದೆ ಅಂದುಕೊಳ್ಳಿ. ಒಂದು ಕಡೆಯವರು ನರಗಳನ್ನು ಶಾಂತ ಮಾಡುವವರು, ಇನ್ನೊಂದು ಕಡೆಯವರು ಎಚ್ಚರಿಸುವವರು. ಆಲ್ಕೋಹಾಲ್ ಶಾಂತ ಮಾಡುವವರ ಕಡೆ ಸೇರಿಕೊಂಡು ಎಳೆಯುತ್ತದೆ. ವರ್ಷಗಟ್ಟಲೆ ಹೀಗೆ ಎಳೆದರೆ ಎದುರು ಕಡೆಯವರೂ ಸುಮ್ಮನಿರುವುದಿಲ್ಲ, ಅಷ್ಟೇ ಜೋರಾಗಿ ಜಗ್ಗುವುದನ್ನು ಕಲಿಯುತ್ತಾರೆ. ಮೊದಲು ನೈಂಟಿಗೆ ಏರುತ್ತಿದ್ದದ್ದು ಈಗ ಎರಡು ಕ್ವಾರ್ಟರಿಗೂ ಏರುವುದಿಲ್ಲ ಅನ್ನುವುದು ಇದರಿಂದಲೇ. ಒಂದು ದಿನ ಆಲ್ಕೋಹಾಲ್ ಹಗ್ಗ ಬಿಟ್ಟುಬಿಟ್ಟರೆ? ಎಚ್ಚರಿಸುವ ಕಡೆಯವರ ಎಳೆತಕ್ಕೆ ತಡೆಯೇ ಇರುವುದಿಲ್ಲ. ನಡುಕ, ಬೆವರು, ಎದೆಬಡಿತ, ಫಿಟ್ಸ್ ಎಲ್ಲ ಅದೇ. ರಕ್ತದಲ್ಲಿನ ಮಟ್ಟ ಪೂರ್ತಿ ಇಳಿಯುವವರೆಗೂ ಕಾಯಬೇಕಿಲ್ಲ, ಇಳಿಯತೊಡಗಿದರೆ ಸಾಕು. ಬೆಳಗಿನ ನಡುಕ ಅದರದ್ದು.

ಕೊನೆಯ ಗುಟುಕಿನಿಂದ ಗಂಟೆ ಎಣಿಸಿ. 6ರಿಂದ 12 ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ, ನಿದ್ದೆ ಬಾರದಿರುವುದು, ಸಣ್ಣದಕ್ಕೂ ಬೆಚ್ಚಿಬೀಳುವುದು. ಫಿಟ್ಸ್ ಬರುವುದಾದರೆ ಹೆಚ್ಚಾಗಿ 6ರಿಂದ 48 ಗಂಟೆಯ ಒಳಗೆ. 12 ಗಂಟೆ ಕಳೆದ ಮೇಲೆ ಕೆಲವರಿಗೆ ಇಲ್ಲದ ದನಿ ಕೇಳಿಸುತ್ತದೆ, ಹುಳುಹುಪ್ಪಟೆ ಹರಿದಂತೆ ಕಾಣುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಎರಡನೇ ದಿನ ಕಳೆದು ನಾಲ್ಕನೇ ದಿನದ ಒಳಗೆ ಬರುತ್ತದೆ: ಹೊತ್ತು ಗೊತ್ತಿಲ್ಲ, ಮನೆಯವರ ಗುರುತಿಲ್ಲ, ಜ್ವರ, ಮೈಯೆಲ್ಲ ಬೆವರು, ಗಾಳಿಯಲ್ಲಿ ಏನೋ ಹಿಡಿಯಲು ಹೋಗುವುದು, ಎದ್ದು ಓಡುವುದು. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು.

ನಮ್ಮ ಕಡೆ ಆಗುವ ದೊಡ್ಡ ತಪ್ಪು ಇಲ್ಲೇ. ಮಾಲೆ ಹಾಕಿದ ಮೂರನೇ ದಿನ ಸ್ವಾಮಿ ಏನೇನೋ ಮಾತಾಡತೊಡಗಿದರೆ ಮೈಮೇಲೆ ಬಂದಿದೆ ಅಂತಲೋ, ಮಡಿ ಕೆಟ್ಟಿದೆ ಅಂತಲೋ, ಗಾಳಿ ಸೋಕಿದೆ ಅಂತಲೋ ಯಂತ್ರ ಕಟ್ಟಿಸಲು ಓಡುತ್ತಾರೆ. ಕುಡಿತ ನಿಲ್ಲಿಸಿ ಒಂದು ವಾರದ ಒಳಗೆ ಯಾರೇ ಹಾಗೆ ಮಾತಾಡಿದರೂ ನೇರ 108. ಹಿಂದೊಮ್ಮೆ ಫಿಟ್ಸ್ ಬಂದವರಿಗೆ ಮುಂದಿನ ಸಲ ಬರುವ ಸಾಧ್ಯತೆ ಹೆಚ್ಚು. ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡಿದಷ್ಟೂ ಪ್ರತಿ ಸಲದ ತೊಂದರೆ ಹಿಂದಿನದಕ್ಕಿಂತ ಜೋರಾಗಬಹುದು.

ಮನೆಯಲ್ಲೇ ನೋಡಿ ತಿಳಿಯಲು ಒಂದು ಉಪಾಯ. ಎರಡೂ ಕೈ ಮುಂದಕ್ಕೆ ಚಾಚಿ ಬೆರಳು ಅಗಲಿಸಿ ಹಿಡಿಯಲು ಹೇಳಿ. ಬೆರಳುಗಳ ಮೇಲೆ ಒಂದು ಹಾಳೆ ಇಡಿ. ಕಣ್ಣಿಗೆ ಕಾಣದ ನಡುಕವನ್ನೂ ಹಾಳೆಯ ಅಂಚು ತೋರಿಸಿಕೊಡುತ್ತದೆ. ಆಮೇಲೆ ಇವತ್ತು ಯಾವ ವಾರ, ಯಾರ ಮನೆಯಲ್ಲಿದ್ದೀರಿ ಅಂತ ಕೇಳಿ. ಹಾಳೆ ಅಲುಗಿದರೆ ಆ ದಿನವೇ ವೈದ್ಯರಿಗೆ ತೋರಿಸಿ. ವಾರ ತಪ್ಪು ಹೇಳಿದರೆ ಕಾಯುವ ಮಾತೇ ಇಲ್ಲ, ತುರ್ತು ಚಿಕಿತ್ಸೆಗೆ ಹೊರಡಿ.

ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ, ತಲೆ ಕೆಳಗೆ ಟವೆಲ್ ಮಡಿಸಿ ಇಡಿ, ಎಷ್ಟು ಹೊತ್ತು ಬಂತು ಅಂತ ಗಡಿಯಾರ ನೋಡಿ. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು, ನೀರು ಹುಯ್ಯುವುದು ಯಾವುದೂ ಬೇಡ.

ಇನ್ನೊಂದು ಮಾತನ್ನು ಸಭೆಯಲ್ಲಿ ಎರಡು ಸಲ ಓದಿ. ಕುಡಿಯುವವರು ಸುಸ್ತಾದರೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಗ್ಲೂಕೋಸ್ ಹಾಕಿಸುವುದು ರೂಢಿ. ವರ್ಷಗಟ್ಟಲೆ ಕುಡಿದು ಊಟ ಬಿಟ್ಟವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಬತ್ತಿಹೋಗಿರುತ್ತದೆ. ಸಕ್ಕರೆಯನ್ನು ಉರಿಸಲು ಮಿದುಳಿಗೆ ಥಯಾಮಿನ್ ಬೇಕು. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಚೂರೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ಕಣ್ಣುಗುಡ್ಡೆ ಅತ್ತಿತ್ತ ಹೊರಳುವುದಿಲ್ಲ, ಒಂದು ಎರಡಾಗಿ ಕಾಣುತ್ತದೆ, ಕುಡಿಯದಿದ್ದರೂ ಕಾಲು ಅಗಲಿಸಿ ತೂರಾಡುತ್ತಾ ನಡೆಯುತ್ತಾರೆ, ಮಂಕಾಗುತ್ತಾರೆ. ಆ ಹೊತ್ತಿನಲ್ಲಿ ಇಂಜೆಕ್ಷನ್ ಸಿಕ್ಕರೆ ಬಹಳಷ್ಟು ಸರಿಹೋಗುತ್ತದೆ. ತಪ್ಪಿದರೆ ನೆನಪು ಹೋಗುವ ಕಾಯಿಲೆಯಾಗಿ ನಿಂತುಬಿಡುತ್ತದೆ: ಬೆಳಿಗ್ಗೆ ಉಂಡದ್ದು ಮಧ್ಯಾಹ್ನಕ್ಕೆ ನೆನಪಿಲ್ಲ, ಇಲ್ಲದ ಕತೆ ಕಟ್ಟಿ ಹೇಳುತ್ತಾರೆ. ಆದ್ದರಿಂದ ಡ್ರಿಪ್ ಹಾಕುವವರಿಗೆ "ಇವರು ದಿನಾ ಕುಡಿಯುತ್ತಾರೆ, ಮೊದಲು ಥಯಾಮಿನ್ ಕೊಡಿ" ಅಂತ ಬಾಯಿಬಿಟ್ಟು ಹೇಳಿ. ಮರ್ಯಾದೆಗೆ ಅಂಜಿ ಕುಡಿತದ ವಿಷಯ ಮುಚ್ಚಿಡುವುದರಿಂದ ಆಗುವ ಅನಾಹುತ ಇದು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ ಅಂದರೆ, ನಡುಕ, ಬೆವರು, ಗಾಬರಿ, ವಾಕರಿಕೆ ಹೀಗೆ ಹತ್ತು ಅಂಶಗಳಿಗೆ ಅಂಕ ಹಾಕುತ್ತಾ, ಹಗ್ಗವನ್ನು ಮೆಲ್ಲಗೆ ಸಡಿಲ ಬಿಡುವ ಮಾತ್ರೆ ಕೊಡುತ್ತಾರೆ. ಸಾಮಾನ್ಯವಾಗಿ ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್, ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್. ಮೊದಲ ಎರಡು ದಿನ ಹೆಚ್ಚು, ಆಮೇಲೆ ದಿನದಿನಕ್ಕೆ ಇಳಿಸುತ್ತಾ ಒಂದು ವಾರ, ಹೆಚ್ಚೆಂದರೆ ಹತ್ತು ದಿನಕ್ಕೆ ನಿಲ್ಲಿಸುತ್ತಾರೆ. ಇದನ್ನು ಕುಡಿತದ ಜೊತೆ ನುಂಗಿದರೆ ಉಸಿರೇ ನಿಲ್ಲಬಹುದು. ಪಕ್ಕದ ಮನೆಯವರ ಚೀಟಿ ತೋರಿಸಿ ತಂದು ಕೊಡುವ ಸಾಹಸ ಬೇಡ.

---

ಔಷಧಿ ಅಂಗಡಿ, ಪಾಂಡವಪುರ

ಪುಡಿಯ ವಿಷಯ ನಾನು ಹೇಳುತ್ತೇನೆ ಮೇಡಂ. ಗೋಡೆಯ ಮೇಲಿನ ನಂಬರಿಗೆ ಫೋನ್ ಮಾಡಿದರೆ ಕೊರಿಯರ್‌ನಲ್ಲಿ ಬರುವ ಪೊಟ್ಟಣದ ಮೇಲೆ ಒಳಗೇನಿದೆ ಅಂತ ಬರೆದಿರುವುದಿಲ್ಲ. ಬರೀ ಸೊಪ್ಪಿನ ಪುಡಿ ಆಗಿದ್ದರೆ ದುಡ್ಡು ದಂಡ. ಡೈಸಲ್ಫಿರಾಮ್ ಮಾತ್ರೆಯ ಪುಡಿ ಆಗಿದ್ದರೆ ಪ್ರಾಣಕ್ಕೇ ಸಂಚಕಾರ.

ಆಲ್ಕೋಹಾಲ್ ಲಿವರಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಅನ್ನುವ ವಿಷವಸ್ತುವಾಗುತ್ತದೆ, ಆಮೇಲೆ ನಿರಪಾಯಕಾರಿ ವಸ್ತುವಾಗಿ ಬದಲಾಗುತ್ತದೆ. ಡೈಸಲ್ಫಿರಾಮ್ ಆ ಎರಡನೇ ಹಂತವನ್ನು ಕಟ್ಟಿಹಾಕುತ್ತದೆ. ಆಗ ಕುಡಿದರೆ ಹತ್ತಿಪ್ಪತ್ತು ನಿಮಿಷದಲ್ಲಿ ಮುಖ ಕೆಂಪಗಾಗಿ, ತಲೆ ಸಿಡಿದು, ಎದೆ ಬಡಿದುಕೊಂಡು, ವಾಂತಿಯಾಗಿ ಬಿ.ಪಿ. ಕುಸಿಯುತ್ತದೆ. ತಿಳಿದು ತೆಗೆದುಕೊಂಡವರಿಗೆ ಆ ಭಯವೇ ಔಷಧಿ: ಇವತ್ತು ಮಾತ್ರೆ ನುಂಗಿದ್ದೇನೆ, ಕುಡಿಯುವ ಹಾಗಿಲ್ಲ ಅನ್ನುವ ತೀರ್ಮಾನ ಬೆಳಿಗ್ಗೆಯೇ ಆಗಿಬಿಡುತ್ತದೆ. ತಿಳಿಯದೆ ಸಾರಿನಲ್ಲಿ ಉಂಡವರು ಎಂದಿನಂತೆ ಎರಡು ಕ್ವಾರ್ಟರ್ ಹಾಕುತ್ತಾರೆ. ಹೃದಯದ ಕಾಯಿಲೆ ಇದ್ದವರಾದರೆ ಆಸ್ಪತ್ರೆ ತಲುಪುವುದೂ ಕಷ್ಟ. ಇನ್ನು ಪುಡಿ ಬೆರೆಸಿದ್ದು ಗೊತ್ತಾದ ದಿನದಿಂದ ಆ ಮನುಷ್ಯ ಹೆಂಡತಿ ಬಡಿಸಿದ್ದನ್ನು ಉಣ್ಣುವುದಿಲ್ಲ, ಕೊಟ್ಟ ಮಾತ್ರೆಯನ್ನೂ ನಂಬುವುದಿಲ್ಲ. ಮುಂದಿನ ಚಿಕಿತ್ಸೆಯ ಬಾಗಿಲೇ ಮುಚ್ಚಿದಂತೆ.

ವೈದ್ಯರು ಬರೆದುಕೊಟ್ಟರೆ ಸಾಮಾನ್ಯವಾಗಿ ದಿನಕ್ಕೆ 250 ಮಿ.ಗ್ರಾಂ. ಕೊನೆಯ ಕುಡಿತದಿಂದ ಕನಿಷ್ಠ 12 ಗಂಟೆ ಕಳೆದಿರಲೇಬೇಕು, ಒಂದು ದಿನ ಪೂರ್ತಿ ಕಳೆದಿದ್ದರೆ ಇನ್ನೂ ಒಳ್ಳೆಯದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಪರಿಣಾಮ ಇರಬಹುದು. "ನಿನ್ನೆ ಮಾತ್ರೆ ಬಿಟ್ಟೆ, ಇವತ್ತು ಹಬ್ಬ" ಅನ್ನುವ ಲೆಕ್ಕ ನಡೆಯುವುದಿಲ್ಲ. ಕೆಲವು ಕೆಮ್ಮಿನ ಸಿರಪ್, ಟಾನಿಕ್, ಹೋಮಿಯೋಪತಿ ಹನಿಗಳಲ್ಲೂ ಆಲ್ಕೋಹಾಲ್ ಇರುತ್ತದೆ. ದಶಮೂಲಾರಿಷ್ಟ, ದ್ರಾಕ್ಷಾಸವದಂಥ ಅರಿಷ್ಟ ಆಸವಗಳಲ್ಲಿ ಹುದುಗಿನಿಂದಲೇ ಬಂದ ಆಲ್ಕೋಹಾಲ್ ಇದ್ದೇ ಇರುತ್ತದೆ. ಔಷಧಿ ಕೊಳ್ಳುವಾಗ "ಡೈಸಲ್ಫಿರಾಮ್ ನಡೀತಿದೆ" ಅಂತ ಒಂದು ಮಾತು ಹೇಳಿದರೆ ಸಾಕು, ಬೇರೆಯದು ಕೊಡುತ್ತೇವೆ.

---

ಆಪ್ತಸಮಾಲೋಚಕ, ಮೈಸೂರು

ಕಾಯಿಲೆಯೋ ಕೊಬ್ಬೋ ಅನ್ನುವುದಕ್ಕೆ ಬರುತ್ತೇನೆ. ಮೊದಲ ಗುಟುಕನ್ನು ಯಾರೂ ಬಲವಂತವಾಗಿ ಬಾಯಿಗೆ ಹುಯ್ದಿಲ್ಲ, ನಿಜ. ಆದರೆ ಹಾಗೆ ಶುರು ಮಾಡಿದ ಹತ್ತು ಜನರಲ್ಲಿ ಎಲ್ಲರೂ ಈ ಸ್ಥಿತಿಗೆ ಬರುವುದಿಲ್ಲ. ಯಾರು ಬರುತ್ತಾರೆ ಅನ್ನುವುದರಲ್ಲಿ ಸರಿಸುಮಾರು ಅರ್ಧ ಪಾಲು ವಂಶದಿಂದ ಬಂದದ್ದು. ತಂದೆಗೋ ಅಜ್ಜನಿಗೋ ಇದ್ದರೆ ಮಗನಿಗೆ ಅಪಾಯ ಹೆಚ್ಚು. ಎಷ್ಟು ಚಿಕ್ಕ ವಯಸ್ಸಿಗೆ ಶುರುವಾಯಿತೋ ಅಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಉಳಿದರ್ಧ ಸುತ್ತಲಿನದ್ದು: ಖಿನ್ನತೆ, ಮೈಕೈ ನೋವು, ನಿದ್ದೆ ಬಾರದಿರುವುದು, ಸಾಲ, ಜೊತೆಗಾರರು, ಎಷ್ಟು ಸುಲಭಕ್ಕೆ ಸಿಗುತ್ತದೆ ಅನ್ನುವುದು. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಡಿಯುತ್ತಿದ್ದವರ ಕುಡಿತ ನಿಲ್ಲಲಿಲ್ಲ, ಸಾರಾಯಿ ಪ್ಯಾಕೆಟ್ ಇದ್ದ ಜೇಬಿನಲ್ಲಿ ಈಗ ಟೆಟ್ರಾ ಪ್ಯಾಕ್ ಇದೆ. ಒಡೆಯುವುದಿಲ್ಲ, ಸದ್ದಿಲ್ಲ, ಬೆಳಿಗ್ಗೆ ಗದ್ದೆ ಬದುವಿನ ಮೇಲೂ ಕುಡಿಯಬಹುದು. ಬೆಳಗಿನ ಕುಡಿತಕ್ಕೆ ಇದಕ್ಕಿಂತ ಅನುಕೂಲವಾದ ಡಬ್ಬ ಇಲ್ಲ, ಇದು ನನ್ನನ್ನು ಬಹಳ ಕಾಡುವ ವಿಷಯ.

ಚಟವಾಗಿದೆಯೋ ಇಲ್ಲವೋ ಅಂತ ವೈದ್ಯರು ನೋಡುವ ಲಕ್ಷಣಗಳು ಆರು. ಕುಡಿಯಲೇಬೇಕೆನ್ನುವ ತೀವ್ರ ತುಡಿತ. ಒಂದಕ್ಕೆ ನಿಲ್ಲಿಸುತ್ತೇನೆಂದು ಕೂತರೂ ನಿಲ್ಲಿಸಲಾಗದಿರುವುದು. ಬಿಟ್ಟಾಗ ನಡುಕ ಬೆವರು. ಏರಲು ಮೊದಲಿಗಿಂತ ಹೆಚ್ಚು ಬೇಕಾಗುವುದು. ಬೇರೆ ಕೆಲಸ, ಬೇರೆ ಖುಷಿ ಎಲ್ಲ ಹಿಂದೆ ಸರಿಯುವುದು. ಕೆಡುಕಾಗುತ್ತಿದೆ ಎಂದು ಗೊತ್ತಿದ್ದೂ ಕುಡಿಯುವುದು. ಒಂದು ವರ್ಷದೊಳಗೆ ಇವುಗಳಲ್ಲಿ ಮೂರು ಒಟ್ಟಿಗೆ ಕಂಡರೆ ಅದು ಅವಲಂಬನೆ. ಕೊಬ್ಬು ಅನ್ನುವವರು ಆ ಮನುಷ್ಯ ಬೆಳಿಗ್ಗೆ ಆರಕ್ಕೆ ಎರಡು ಕೈಯಲ್ಲಿ ಟೆಟ್ರಾ ಪ್ಯಾಕ್ ಹಿಡಿದು, ಅದೂ ನಡುಗಿ ಅರ್ಧ ಅಂಗಿಗೆ ಚೆಲ್ಲಿಕೊಳ್ಳುವುದನ್ನು ಒಮ್ಮೆ ನೋಡಲಿ. ಅದರಲ್ಲಿ ಖುಷಿ ಎಂಬುದು ಇರುವುದಿಲ್ಲ.

ಮತ್ತೆ ಯಾಕೆ ಹಿಡಿಯುತ್ತಾರೆ ಅನ್ನುವುದೇ ನಿಮ್ಮ ಪಟ್ಟಿಯಲ್ಲಿ ದೊಡ್ಡ ಪ್ರಶ್ನೆ. ನಮ್ಮ ಜನ ಹತ್ತು ದಿನ ಅಡ್ಮಿಟ್ ಮಾಡಿಸಿ ನಡುಕ ನಿಂತದ್ದನ್ನು ವಾಸಿಯಾಯಿತು ಅಂದುಕೊಳ್ಳುತ್ತಾರೆ. ಮೈಯಿಂದ ಆಲ್ಕೋಹಾಲ್ ಇಳಿದಿದೆ ಅಷ್ಟೇ. ಮಿದುಳು ಹಳೆಯ ಹದಕ್ಕೆ ಬರಲು ತಿಂಗಳುಗಳೇ ಬೇಕು. ಅಷ್ಟರವರೆಗೆ ನಿದ್ದೆ ಸರಿ ಇರುವುದಿಲ್ಲ, ಕಾರಣವಿಲ್ಲದೆ ಸಿಟ್ಟು, ಯಾವುದರಲ್ಲೂ ರುಚಿಯಿಲ್ಲ. "ಕುಡಿಯುತ್ತಿದ್ದಾಗಲೇ ಚೆನ್ನಾಗಿದ್ದೆ ಮಾರಾಯ" ಅನ್ನುವ ಮಾತು ಬರುವುದು ಈಗಲೇ. ಮತ್ತೆ ಹಿಡಿಯುವುದು ಮೊದಲ ಮೂರು ತಿಂಗಳಲ್ಲೇ ಹೆಚ್ಚು, ಅದಕ್ಕೇ ಹತ್ತು ದಿನದ ಮಾತ್ರೆಯ ಜೊತೆಗೆ ಕನಿಷ್ಠ ಒಂದು ವರ್ಷದ ಓಡಾಟಕ್ಕೆ ಮನೆಯವರು ತಯಾರಿರಬೇಕು: ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ.

ತುಡಿತ ತಗ್ಗಿಸುವ ಮಾತ್ರೆಗಳಿವೆ, ಕೇಳಿ ಬರೆಸಿಕೊಳ್ಳಿ. ನಾಲ್‌ಟ್ರೆಕ್ಸೋನ್ ದಿನಕ್ಕೆ 50 ಮಿ.ಗ್ರಾಂ, ಕುಡಿದಾಗ ಸಿಗುವ ಮಜವನ್ನೇ ಇದು ಸಪ್ಪೆ ಮಾಡುತ್ತದೆ. ಶುರು ಮಾಡುವ ಮೊದಲು ಲಿವರ್ ಪರೀಕ್ಷೆ ಆಗಬೇಕು, ಟ್ರಮಡಾಲ್‌ನಂಥ ನೋವಿನ ಮಾತ್ರೆಯ ಜೊತೆ ಆಗದು. ಅಕಾಂಪ್ರೊಸೇಟ್ 333 ಮಿ.ಗ್ರಾಂ, ಎರಡೆರಡರಂತೆ ಮೂರು ಹೊತ್ತು. ಲಿವರ್ ಮೇಲೆ ಹೊರೆಯಿಲ್ಲ, ಆದರೆ ಮೂತ್ರಪಿಂಡ ಸರಿಯಿರಬೇಕು. ಲಿವರ್ ತುಂಬಾ ಕೆಟ್ಟವರಿಗೆ ಬ್ಯಾಕ್ಲೋಫೆನ್ ಕೊಡುವುದುಂಟು, ಅದನ್ನು ದಿಢೀರ್ ನಿಲ್ಲಿಸುವಂತಿಲ್ಲ. ಬಿಟ್ಟು ಮೂರ್ನಾಲ್ಕು ವಾರವಾದರೂ ಮಂಕು ಹೋಗದಿದ್ದರೆ, ಸಾಯುವ ಮಾತಾಡಿದರೆ ಖಿನ್ನತೆಗೆ ಬೇರೆಯೇ ಚಿಕಿತ್ಸೆ ಬೇಕು.

ತುಡಿತ ಅನ್ನುವುದು ಅಲೆಯ ಹಾಗೆ. ಏರುತ್ತದೆ, ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ಇಳಿಯುತ್ತದೆ. ಆ ಅರ್ಧ ಗಂಟೆಗೆ ಏನು ಮಾಡಬೇಕೆಂದು ಮೊದಲೇ ಗೊತ್ತಿರಬೇಕು: ಹೊಟ್ಟೆ ತುಂಬಾ ತಿನ್ನುವುದು, ಒಬ್ಬರಿಗೆ ಫೋನ್ ಮಾಡುವುದು, ಹಸುವಿಗೆ ಹುಲ್ಲು ಹಾಕಲು ಎದ್ದು ಹೋಗುವುದು. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕೂ ತುಡಿತವನ್ನು ಎಬ್ಬಿಸುವಂಥವು. ಸಂಜೆ ಐದಕ್ಕೇ ಊಟ ಬಡಿಸಿಬಿಡಿ ಅಂತ ಹೆಂಗಸರಿಗೆ ಹೇಳುವುದು ಅದಕ್ಕೇ, ತುಂಬಿದ ಹೊಟ್ಟೆಗೆ ತುಡಿತ ಕಡಿಮೆ.

ಮಂಡ್ಯ ಸೀಮೆಯಲ್ಲಿ ಎಲ್ಲಿ ಕಾಲು ಜಾರುತ್ತದೆ ಅನ್ನುವುದು ಕ್ಯಾಲೆಂಡರಿನಲ್ಲೇ ಇದೆ. ಯುಗಾದಿ ಮಾರನೇ ದಿನದ ಹೊಸತೊಡಕು, ಮಾರಿಹಬ್ಬ, ಬೀಗರ ಊಟ, ಕಾರ್ಖಾನೆಯ ದುಡ್ಡು ಕೈಗೆ ಬಂದ ದಿನ, ಮತ್ತೆ ಸಾವಿನ ಮನೆಯಿಂದ ವಾಪಸಾಗುವ ರಾತ್ರಿ. ಬೀಗರ ಊಟಕ್ಕೆ ಹೋಗಲೇಬೇಕಾದರೆ ಮನೆಯಲ್ಲಿ ಒಂದು ಸುತ್ತು ಉಂಡು, ಹೆಂಡತಿ ಮಕ್ಕಳ ಜೊತೆ ಹೋಗಿ, ಮೊದಲ ಪಂಕ್ತಿಯಲ್ಲೇ ಎಲೆ ಮುಂದೆ ಕೂತು, ಉಂಡ ಕೈ ತೊಳೆದು ಹೊರಟುಬಿಡಿ. ಕಾರಿನ ಡಿಕ್ಕಿಯಿಂದ ಬಾಟಲಿ ತೆಗೆಯುವ ಹೊತ್ತಿಗೆ ಅಲ್ಲಿರಬೇಡಿ. ಯಾರಾದರೂ ಒತ್ತಾಯಿಸಿದರೆ ಹೇಳಲು ಒಂದೇ ಮಾತು ಇಟ್ಟುಕೊಳ್ಳಿ, "ಮಾತ್ರೆ ನಡೀತಿದೆ, ಕುಡಿದರೆ ಸಾಯ್ತೀನಿ." ಕಾರಣ ಬದಲಾಯಿಸುತ್ತಾ ಹೋದರೆ ಎದುರಿನವರಿಗೆ ಸಂದು ಸಿಗುತ್ತದೆ.

ಒಂದು ದಿನ ಜಾರಿದರೆ ಎಲ್ಲ ಮುಗಿಯಿತು ಅಂತಲ್ಲ. ಮಾರನೇ ದಿನವೇ ಆಸ್ಪತ್ರೆಗೆ ಹೋಗಿ ಹೇಳಿದರೆ ಅದು ಒಂದು ದಿನದ ಜಾರು. ನಾಚಿಕೆಗೆ ಮುಚ್ಚಿಟ್ಟರೆ ಹದಿನೈದು ದಿನಕ್ಕೆ ಎರಡು ಕ್ವಾರ್ಟರಿಗೇ ಬಂದು ನಿಲ್ಲುತ್ತದೆ. ತಿಂಗಳುಗಟ್ಟಲೆ ಬಿಟ್ಟ ಮೈಗೆ ಹಳೆಯ ಅಳತೆ ತಡೆಯುವ ಶಕ್ತಿ ಇರುವುದಿಲ್ಲ ಅನ್ನುವುದೂ ನೆನಪಿರಲಿ.

---

ಸಂಘದ ಪ್ರತಿನಿಧಿ, ಮದ್ದೂರು ತಾಲ್ಲೂಕು

ಎಲ್ಲರಿಗೂ ತುಂಬಾ ಉಪಕಾರವಾಯಿತು. ಗ್ಲೂಕೋಸ್ ವಿಷಯ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲಿಗೆ ಕರೆದುಕೊಂಡು ಹೋಗಬೇಕು, ಬರಲು ಒಪ್ಪದಿದ್ದರೆ ಏನು ಮಾಡಬೇಕು? ರಾತ್ರಿ ಕಾರು ತಂದು ಎತ್ತಿಕೊಂಡು ಹೋಗುವ ಕೇಂದ್ರಗಳಿವೆಯಂತೆ, ಅವು ಪರವಾಗಿಲ್ಲವಾ? ತಾಯಿ ಮಾತ್ರ ಮಾಲೆ ಹಾಕಿಸಲೇಬೇಕು, ಹರಕೆ ಇದೆ ಅಂತ ಕೂತಿದ್ದಾರೆ.

---

ಸಮುದಾಯ ಕಾರ್ಯಕರ್ತ, ಮಂಡ್ಯ

ನಿಮ್ಮ ಕಡೆಯವರಿಗೆ ಹತ್ತಿರ ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಮತ್ತು ಜೆಎಸ್‌ಎಸ್ ಆಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗ ಇದೆ. ಜಟಿಲವಾದರೆ ಬೆಂಗಳೂರಿನ ನಿಮ್ಹಾನ್ಸ್, ಅಲ್ಲಿ ವ್ಯಸನಕ್ಕೇ ಬೇರೆ ಕೇಂದ್ರವಿದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸಿ. ಫೋನಿನಲ್ಲೇ ಕೇಳಬೇಕೆಂದರೆ ಟೆಲಿ ಮಾನಸ್ 14416, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಮುಕ್ತಿಗೆಂದೇ 14446 ಇದೆ.

ಊರಲ್ಲೇ ನಡೆಯುವ ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳು ಎಂಟು ದಿನದ್ದು. ಅವುಗಳ ದೊಡ್ಡ ಬಲ ಶಿಬಿರ ಮುಗಿದ ಮೇಲಿನ ನವಜೀವನ ಸಮಿತಿ, ಬಿಟ್ಟವರೆಲ್ಲ ಸೇರುತ್ತಲೇ ಇರುತ್ತಾರೆ. ಆದರೆ ಫಿಟ್ಸ್ ಬಂದ ಚರಿತ್ರೆ ಇರುವವರು ಮೊದಲು ಆಸ್ಪತ್ರೆಯಲ್ಲಿ ಇಳಿಸಿಕೊಂಡು ಆಮೇಲೆ ಶಿಬಿರಕ್ಕೆ ಬರಲಿ. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳು ಮೈಸೂರಿನಲ್ಲೂ ಇವೆ. ಶುಲ್ಕವಿಲ್ಲ, ಹೆಸರು ಬರೆಸಬೇಕಿಲ್ಲ. ಅದರದ್ದೇ ಜೊತೆಯದು ಆಲ್-ಅನಾನ್, ಕುಡಿಯುವವರ ಮನೆಯವರಿಗೆ.

ರಾತ್ರಿ ಎತ್ತಿಕೊಂಡು ಹೋಗುವ ಕಡೆ ಕಳಿಸಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಗೆ ಕುಡಿತದ ಕಾಯಿಲೆಯೂ ಒಳಪಡುತ್ತದೆ. ಒಪ್ಪದವರನ್ನು ಸೇರಿಸಬೇಕಾದರೆ ತಜ್ಞರಿಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿ, ಅವರಿಗೋ ಬೇರೆಯವರಿಗೋ ಅಪಾಯವಿದೆ ಎಂದು ಬರೆದುಕೊಡಬೇಕು. ಅದೂ ಮೊದಲಿಗೆ 30 ದಿನದ ಮಿತಿಯಲ್ಲಿ. ಸರಪಳಿ ಹಾಕುವುದು ಅಪರಾಧ. ಖಾಸಗಿ ಕೇಂದ್ರ ನೋಡುವುದಾದರೆ ನೋಂದಣಿ ಪತ್ರ ತೋರಿಸಿ ಅನ್ನಿ, ಮನೋವೈದ್ಯರು ವಾರದಲ್ಲಿ ಎಷ್ಟು ದಿನ ಬರುತ್ತಾರೆ, ರಾತ್ರಿ ನರ್ಸ್ ಇರುತ್ತಾರಾ, ಮೊದಲ ನಾಲ್ಕು ದಿನ ಎಲ್ಲಿ ಮಲಗಿಸುತ್ತಾರೆ, ಮನೆಯವರು ಬಂದು ನೋಡಬಹುದಾ ಕೇಳಿ. "ಒಂದು ತಿಂಗಳು ಈ ಕಡೆ ಬರಬೇಡಿ" ಅಂದರೆ ಅಲ್ಲಿಂದಲೇ ತಿರುಗಿ.

ಒಪ್ಪಿಸುವುದು ಹೇಗೆ ಅಂದರೆ, ಅಮಲೇರಿರುವಾಗ ಒಂದು ಮಾತೂ ಬೇಡ. ಬೆಳಿಗ್ಗೆ ನಡುಕ ಇಳಿದ ಹೊತ್ತಿನಲ್ಲಿ ಒಬ್ಬರೇ ಕೂತು, ಬೈಗುಳ ಬಿಟ್ಟು, ಕಂಡದ್ದನ್ನು ಮಾತ್ರ ಹೇಳಬೇಕು: ಅರ್ಧ ಮುದ್ದೆಗೆ ಇಳಿದಿದ್ದೀರಿ, ಕಾಲು ಉರಿ ಅಂತೀರಿ, ಲಿವರ್ ಒಂದು ಸಲ ತೋರಿಸಿಕೊಂಡು ಬರೋಣ. ಕುಡಿತ ಬಿಡಿಸಲು ಬಾ ಅಂದರೆ ಬರದವರು ಹೊಟ್ಟೆ ಸ್ಕ್ಯಾನಿಗೆ ಬರುತ್ತಾರೆ. ಕೊಬ್ಬು ತುಂಬಿದ ಲಿವರ್ ಆಗಿದ್ದರೆ ಕೆಲವು ವಾರ ಬಿಟ್ಟರೆ ಸರಿಹೋಗುತ್ತದೆ, ಗಟ್ಟಿಯಾಗಿ ಗಾಯದ ಕಲೆ ಕಟ್ಟಿದ್ದರೆ ಅದು ಹಿಂದಕ್ಕೆ ಬರುವುದು ಕಷ್ಟ. ರಕ್ತ ವಾಂತಿ, ಟಾರಿನ ಹಾಗೆ ಕಪ್ಪು ಮಲ, ಹೊಟ್ಟೆ ಉಬ್ಬಿ ಕಣ್ಣು ಹಳದಿಯಾಗುವುದು ಕಂಡರೆ ಒಪ್ಪಿಗೆಗೆ ಕಾಯಬೇಡಿ. ಬಾರಿನ ಸಾಲ ಹೆಂಡತಿ ತೀರಿಸುವುದು, ಕೆಲಸಕ್ಕೆ ಬರದಿದ್ದಾಗ ಜ್ವರ ಅಂತ ಸುಳ್ಳು ಹೇಳುವುದು ನಿಲ್ಲಲಿ. ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181 ಅಥವಾ ತುರ್ತು ಸಹಾಯದ 112, ಅದಕ್ಕೆ ಕುಡಿತ ನೆಪವಾಗಬಾರದು.

---

ವಾರ್ಡ್ ನರ್ಸ್, ಮೈಸೂರು

ತಾಯಿಯ ಹರಕೆಗೆ ಅಡ್ಡಿಯಿಲ್ಲ ಅಕ್ಕ, ಕ್ರಮ ಮಾತ್ರ ತಿರುಗಿಸಿ. ಮೊದಲು ಆಸ್ಪತ್ರೆಯಲ್ಲಿ ಹತ್ತು ದಿನ. ನಡುಕ ನಿಂತು, ಊಟ ಸೇರಿ, ಇಳಿಸುವ ಮಾತ್ರೆ ಮುಗಿದ ಮೇಲೆ ಮಾಲೆ. 41 ದಿನದ ವ್ರತ, ಮುಂಜಾನೆ ಎದ್ದು ಸ್ನಾನ, ಜೊತೆಗೆ ನಾಲ್ಕು ಜನ ಸ್ವಾಮಿಗಳು, ಸಂಜೆ ಭಜನೆ: ಕುಡಿಯುವ ಹೊತ್ತಿಗೆ ಬೇರೆ ಕೆಲಸ ಸಿಕ್ಕಂತಾಯಿತು, ಇದು ನಿಜಕ್ಕೂ ಒಳ್ಳೆಯದೇ.

ಗುರುಸ್ವಾಮಿಗೆ ವಿಷಯ ಮೊದಲೇ ಹೇಳಿ. ವ್ರತದಲ್ಲಿ ಮಾತ್ರೆ ಬಿಡಬಾರದು, ಥಯಾಮಿನ್ ಸಹ. ಒಪ್ಪೊತ್ತು ಇವರಿಗೆ ಬೇಡ, ಮೂರು ಹೊತ್ತೂ ಉಣ್ಣಲಿ. ಕಾಲು ಉರಿ, ಜೋಮು ಇದ್ದರೆ ಕುಡಿತಕ್ಕೆ ಪಾದದ ನರ ಸೊರಗಿರಬಹುದು, ಬರಿಗಾಲಲ್ಲಿ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ದಿನಾ ಸಂಜೆ ಯಾರಾದರೂ ಅಂಗಾಲು ತಿರುಗಿಸಿ ನೋಡಲಿ. ಡೈಸಲ್ಫಿರಾಮ್ ನಡೆಯುತ್ತಿದ್ದರೆ ದಾರಿಯಲ್ಲಿ ಯಾರೋ ಮೈಕೈ ನೋವಿಗೆ ಕೊಟ್ಟ ಅರಿಷ್ಟ ಮುಟ್ಟದಿರಲಿ. ವೈದ್ಯರ ಚೀಟಿಯ ಒಂದು ಪ್ರತಿ ಇರುಮುಡಿಯ ಜೊತೆ, ಇನ್ನೊಂದು ಗುರುಸ್ವಾಮಿಯ ಜೇಬಿನಲ್ಲಿ.

ಮಾಲೆ ತೆಗೆಯುವ ದಿನದ ಬಗ್ಗೆ ಈಗಲೇ ಯೋಚಿಸಿ. ಬೆಟ್ಟ ಇಳಿದು ಬರುವ ಟೆಂಪೋದಲ್ಲೇ ಬಾಟಲಿ ತೆಗೆಯುವವರಿದ್ದಾರೆ. ಮಾಲೆ ತೆಗೆದ ಮಾರನೇ ಬೆಳಿಗ್ಗೆಗೆ ಆಸ್ಪತ್ರೆಯ ತಾರೀಖು ಮೊದಲೇ ಹಾಕಿಸಿಡಿ, ಮಾಲೆಯನ್ನು ಮನೆಗೆ ಬಂದು ತಾಯಿಯ ಕೈಯಲ್ಲೇ ತೆಗೆಸಿ.